ಚೀಲದಲ್ಲಿ ಉಳಿದ ಹಾಳೆ

ಆ ಭಾನುವಾರ ಮಧ್ಯಾಹ್ನ ನನ್ನ ತಂಗಿಯ ಫೈಲಿನಿಂದ ನಾಲ್ಕು ಹಾಳೆಗಳನ್ನೂ ಒಂದು ಸ್ಕ್ಯಾನ್ ಫಿಲ್ಮನ್ನೂ ತೆಗೆದವಳು ನಾನು. ಅಮ್ಮ ಹೇಳಿದ್ದಕ್ಕೆ ತೆಗೆದೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಅಮ್ಮ ಹೇಳಿದ್ದು ನಿಜ. ಆದರೆ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿದ್ದು ನನ್ನ ಕಣ್ಣು, ಪಿನ್ನು ಬಿಡಿಸಿದ್ದು ನನ್ನ ಕೈ. ಇಂಥ ತಪ್ಪು ಮಾಡುವ ಹಕ್ಕು ಬೇರೆ ಯಾರಿಗಾದರೂ ಇದ್ದೀತು, ನನಗಿರಲಿಲ್ಲ. ಹದಿನಾಲ್ಕು ವರ್ಷದಿಂದ ನಾನು ಸಂಬಳ ತೆಗೆದುಕೊಳ್ಳುತ್ತಿರುವುದೇ ಬಿರುಕು ಹುಡುಕುವುದಕ್ಕೆ ಮತ್ತು ಕಾಗದ ಪೂರ್ತಿ ಇದೆಯೇ ಎಂದು ನೋಡುವುದಕ್ಕೆ.

ಹೆಬ್ಬಾಳದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನನ್ನ ಕೆಲಸ. ಎರಕ ಹೊಯ್ದು ಬಂದ ಅಲ್ಯೂಮಿನಿಯಂ ಭಾಗಗಳನ್ನು ಎಣ್ಣೆಯಂಥ ಒಂದು ಬಣ್ಣದಲ್ಲಿ ಅದ್ದಿ ಇಪ್ಪತ್ತು ನಿಮಿಷ ಬಿಡುತ್ತೇವೆ. ಕೂದಲಿಗಿಂತ ಸಣ್ಣ ಬಿರುಕಿದ್ದರೂ ಬಣ್ಣ ಅದರೊಳಕ್ಕೆ ಇಳಿದು ಕೂತಿರುತ್ತದೆ. ಮೇಲಿನದನ್ನು ತೊಳೆದು, ಬಿಳಿ ಪುಡಿ ಉದುರಿಸಿ, ಕತ್ತಲೆ ಕೋಣೆಗೆ ಒಯ್ದು ನೇರಳೆ ದೀಪ ಹಿಡಿದರೆ ಬಿರುಕಿನ ಜಾಗದಲ್ಲಿ ಹಸಿರು ಗೆರೆಯೊಂದು ಹೊಳೆಯುತ್ತದೆ. ಹೊಳೆದದ್ದು ಕೆಂಪು ಡಬ್ಬಕ್ಕೆ, ಕಪ್ಪಗೆ ಉಳಿದದ್ದು ಮುಂದಕ್ಕೆ. ಪ್ರತಿ ಭಾಗದ ಜೊತೆಗೂ ಒಂದು ಕಾರ್ಡು ಬರುತ್ತದೆ. ಅದು ಯಾವ ಕುಲುಮೆಯಲ್ಲಿ ಕರಗಿತು, ಯಾವ ಯಂತ್ರದಲ್ಲಿ ಕೊರೆಸಿಕೊಂಡಿತು, ದಾರಿಯಲ್ಲಿ ಎಲ್ಲಾದರೂ ಕೆಳಗೆ ಬಿದ್ದಿತ್ತೇ ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಎದುರುಬದಿಯಲ್ಲಿ ಸಹಿಗಳು, ಹಿಂಬದಿಯಲ್ಲಿ ಅವಘಡಗಳು. ಹೊಸದಾಗಿ ಸೇರಿದ ಹುಡುಗಿಯರು ಹಿಂಬದಿ ತಿರುಗಿಸಿ ನೋಡದೆ ಸಹಿ ಹಾಕಿದರೆ ನಾನು ಅವರನ್ನು ಎಲ್ಲರ ಎದುರಿಗೇ ಬೈಯುತ್ತಿದ್ದೆ. ಇಬ್ಬರು ಅತ್ತಿದ್ದಾರೆ. ನನ್ನ ಬಾಯಿ ಜೋರು ಎಂದು ಇಡೀ ಶಿಫ್ಟಿಗೆ ಗೊತ್ತು, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಮ್ಮೂರ ಹೊರಗಿನ ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ಟಿಕೆಟ್ ನೋಡಿ ಲಗೇಜ್ ತೂಗುವ ಕೌಂಟರಿನಲ್ಲಿ ನಿಲ್ಲುತ್ತಾಳೆ. ದಿನಕ್ಕೆ ಬರುವುದು ಬೆರಳೆಣಿಕೆಯ ವಿಮಾನಗಳಾದರೂ ಸಮವಸ್ತ್ರ ತೊಟ್ಟು ಎತ್ತರದ ಚಪ್ಪಲಿ ಹಾಕಿ ನಗುತ್ತಾ ನಿಲ್ಲಬೇಕು. ಹದಿನಾಲ್ಕನೆಯ ವಯಸ್ಸಿನಿಂದ ಪ್ರತಿ ತಿಂಗಳೂ ಮೂರು ದಿನ ಅವಳು ಹಾಸಿಗೆಯ ಮೇಲೆ ಮಂಡಿಯನ್ನು ಎದೆಗೆ ಒತ್ತಿಕೊಂಡು ಮಲಗುತ್ತಿದ್ದಳು. ಅಮ್ಮ ಜೀರಿಗೆ ಕಷಾಯ ಕೊಟ್ಟು, ಎಲ್ಲರಿಗೂ ಬರುವುದೇ, ಮದುವೆಯಾದರೆ ಸರಿಹೋಗುತ್ತದೆ ಎನ್ನುತ್ತಿದ್ದಳು. ಕೆಲಸಕ್ಕೆ ಸೇರಿದ ಮೇಲೆ ಆ ಮೂರು ದಿನ ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಕಳೆಯುತ್ತಿದ್ದಳಂತೆ. ಎಷ್ಟು ನೋವು ಎಂದು ಕೇಳಿದರೆ ಯಾವಾಗಲೂ ಒಂದೇ ಉತ್ತರ: "ಸ್ವಲ್ಪ ಅಕ್ಕ." ಜ್ವರ ಬಂದರೂ ಸ್ವಲ್ಪ, ಸ್ಕೂಟರಿನಿಂದ ಬಿದ್ದು ಮೊಣಕೈ ಮುರಿದಾಗಲೂ ಸ್ವಲ್ಪ. ನಾನು ಆ ಮಾತನ್ನು ನಂಬುವುದನ್ನು ರೂಢಿ ಮಾಡಿಕೊಂಡೆ. ನಂಬಿದರೆ ನನ್ನ ಕೆಲಸ ಹಗುರಾಗುತ್ತಿತ್ತು.

ಎರಡು ವರ್ಷದ ಕೆಳಗೆ ನೋವು ಬೆನ್ನಿಗೂ ಇಳಿದಾಗ ಯಾರೋ ಡಾಕ್ಟರು ಕಿಡ್ನಿಯಲ್ಲಿ ಕಲ್ಲಿರಬಹುದು ಎಂದು ಸ್ಕ್ಯಾನಿಗೆ ಕಳಿಸಿದರು. ನನಗೆ ಆವತ್ತು ಮೊದಲ ಶಿಫ್ಟು. ಅಮ್ಮ ಜೊತೆಗೆ ಹೋಗಿ ಹೊರಗೆ ಕೂತಿದ್ದಳು. ಅರ್ಧ ಗಂಟೆಯಲ್ಲಿ ಬರಬೇಕಾದವಳು ಎರಡೂವರೆ ಗಂಟೆ ಆದಮೇಲೆ ಬಂದಳು. ಸಂಜೆ ಕೇಳಿದ್ದಕ್ಕೆ, ಬಣ್ಣದ ಇಂಜೆಕ್ಷನ್ ಕೊಟ್ಟರು, ಸ್ವಲ್ಪ ಕಡಿತ ಆಯ್ತು, ಮಲಗಿಸಿ ಕಳಿಸಿದರು ಎಂದಳು. ಕಲ್ಲು ಸಿಗಲಿಲ್ಲ. ಕಾಗದಗಳು ಫೈಲಿಗೆ ಹೋದವು, ನೋವು ಹಾಗೇ ಉಳಿಯಿತು.

ಕೊನೆಗೆ ಕಾಯಿಲೆಗೆ ಹೆಸರು ಹೇಳಿದವರು ಐವತ್ತು ದಾಟಿದ ಒಬ್ಬ ಲೇಡಿ ಡಾಕ್ಟರು. ಎಂಡೊಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಗಿರಬೇಕಾದ ಪದರದಂಥದ್ದು ಹೊರಗೆ, ಕಂಡಕಂಡಲ್ಲಿ ಬೆಳೆದು, ತಿಂಗಳು ತಿಂಗಳೂ ಅಲ್ಲೇ ರಕ್ತ ಸುರಿಸಿ, ಒಳಗಿನ ಅಂಗಗಳನ್ನೆಲ್ಲ ಒಂದಕ್ಕೊಂದು ಅಂಟಿಸಿಬಿಡುತ್ತದಂತೆ. ತಂಗಿಯದು ಕರುಳಿಗೂ ಎಡಗಡೆಯ ಮೂತ್ರನಾಳಕ್ಕೂ ಅಂಟಿಕೊಂಡಿತ್ತು. ಹೀಗೇ ಬಿಟ್ಟರೆ ಆ ನಾಳ ಕಟ್ಟಿಕೊಂಡು ಒಂದು ಕಿಡ್ನಿ ಸದ್ದಿಲ್ಲದೆ ಸಾಯುತ್ತದೆ ಎಂದರು. ಹೊಟ್ಟೆ ಸೀಳುವುದಿಲ್ಲ, ನಾಲ್ಕು ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಬಿಡಿಸುತ್ತೇನೆ ಎಂದು ಚೀಟಿಯ ಹಿಂದೆ ಚಿತ್ರ ಬರೆದರು. ನಾಳ ಎಲ್ಲಿದೆ, ಗಂಟು ಎಲ್ಲಿದೆ ಎಂದು ಬರಿಗಣ್ಣಿಗೆ ತಿಳಿಯದೆ ಕತ್ತರಿ ತಾಗಬಾರದಲ್ಲ, ಅದಕ್ಕೆ ಮೂತ್ರನಾಳದೊಳಕ್ಕೆ ಒಂದು ಹಸಿರು ಬಣ್ಣ ಹಾಕುತ್ತಾರಂತೆ. ಕಣ್ಣಿಗೆ ಕಾಣದ ಒಂದು ಬೆಳಕು ಬಿಟ್ಟರೆ ಬಣ್ಣ ಇರುವ ನಾಳ ಪರದೆಯ ಮೇಲೆ ಹೊಳೆಯುತ್ತದೆ. ಅದನ್ನೇ ರಕ್ತನಾಳಕ್ಕೂ ಕೊಟ್ಟರೆ ಕರುಳಿನ ಯಾವ ಭಾಗಕ್ಕೆ ರಕ್ತ ಓಡುತ್ತಿದೆ ಎಂಬುದೂ ತಿಳಿಯುತ್ತದೆ.

ನಾನು ಕುರ್ಚಿಯ ತುದಿಗೆ ಬಂದುಬಿಟ್ಟೆ. ಇದು ನನ್ನ ಕೆಲಸ, ನನ್ನ ಭಾಷೆ. ಬಣ್ಣ ಹಾಕಿದ ಮೇಲೆ ಎಷ್ಟು ಹೊತ್ತು ಬಿಡುತ್ತೀರಿ, ತೊಳೆಯುತ್ತೀರಾ, ಸುಳ್ಳು ಗೆರೆ ಬಂದರೆ ಹೇಗೆ ಗೊತ್ತಾಗುತ್ತದೆ ಎಂದೆಲ್ಲ ಕೇಳಿದೆ. ಡಾಕ್ಟರು ನಕ್ಕು, ನೀವು ನಮ್ಮ ಥಿಯೇಟರಿಗೇ ಬಂದುಬಿಡಿ ಎಂದರು. ಒಂದೇ ವ್ಯತ್ಯಾಸ ಎಂದೂ ಹೇಳಿದರು: ನಿಮ್ಮಲ್ಲಿ ಹೊಳೆದದ್ದು ಕೆಟ್ಟದ್ದು, ನಮ್ಮಲ್ಲಿ ಹೊಳೆದದ್ದು ಜೀವ ಇರುವುದು. ಅವರು ಎಂಆರ್‌ಐ ತಮ್ಮ ಆಸ್ಪತ್ರೆಯಲ್ಲೇ ಮಾಡಿಸಿದ್ದರು. ಆದರೂ ಏಳುವ ಮೊದಲು, ಹಳೆಯ ಕಾಗದ ಏನಿದ್ದರೂ ಅಡ್ಮಿಟ್ ಆಗುವ ದಿನ ತನ್ನಿ, ಒಂದನ್ನೂ ಬಿಡಬೇಡಿ ಎಂದರು. ನಾನು ಸಂಭ್ರಮದಲ್ಲಿ ತಲೆ ಆಡಿಸಿದೆ.

ಆ ಹೊತ್ತಿಗೆ ತಂಗಿಗೆ ಹೂಟಗಳ್ಳಿಯ ಒಂದು ಮನೆಯ ಹುಡುಗನ ಜೊತೆ ಮಾತು ಮುಗಿದು ಹೂ ಮುಡಿಸಿದ್ದಾಗಿತ್ತು. ಹುಡುಗನಿಗೆ ತಂದೆಯಿಲ್ಲ. ತಾಯಿ ಒಂದು ಕಾಲಕ್ಕೆ ರಾಗಿ ಹೊಲದಲ್ಲಿ ದುಡಿದವರು, ಈಗ ಅದೇ ಜಾಗದಲ್ಲಿ ಎದ್ದ ಮನೆಗಳಿಗೆ ಹಾಲು ಹಾಕಿಸುತ್ತಾರೆ. ಒಳ್ಳೆಯ ಜನ ಎಂದು ಅಮ್ಮನಿಗೆ ಭಯ. ಒಳ್ಳೆಯವರು ಕೈತಪ್ಪುತ್ತಾರೆ ಎಂಬ ಭಯ. ಅದಕ್ಕೆ ಕಾರಣ ನಾನು. ನನ್ನ ಮದುವೆ ಎರಡೂವರೆ ವರ್ಷಕ್ಕೆ ಮುರಿದಿತ್ತು. ಮಕ್ಕಳಾಗಲಿಲ್ಲವೆಂದು ಮುರಿಯಿತು ಎಂದು ಎದುರಿಗೆ ಯಾರೂ ಹೇಳಲಿಲ್ಲ, ಬೆನ್ನ ಹಿಂದೆ ಎಲ್ಲರೂ ಹೇಳಿದರು. ಗರ್ಭಕೋಶದ ಸುದ್ದಿ ಎಂದರೆ ನಮ್ಮ ಮನೆಯಲ್ಲಿ ಕಿಟಕಿ ಹಾಕುತ್ತಿದ್ದೆವು. ಹೀಗಾಗಿ ಬೀಗರಿಗೆ ಅಮ್ಮ ಅಪೆಂಡಿಕ್ಸ್ ಆಪರೇಷನ್ ಎಂದು ಹೇಳಿದಳು. ತಂಗಿ ಬೇಡ ಎಂದಳು. ನಾನು ಅಮ್ಮನ ಕಡೆ ನಿಂತೆ.

ಅಪೆಂಡಿಕ್ಸ್ ಎಂದ ಮೇಲೆ ಫೈಲು ಅಡ್ಡ ಬಂತು. ನಮ್ಮ ಕಡೆ ರೋಗಿಯನ್ನು ನೋಡಲು ಬಂದವರು ಮೂಸಂಬಿಯ ಕವರನ್ನು ಮೇಜಿನ ಮೇಲಿಟ್ಟು, ಹೇಗಿದೀಯಮ್ಮ ಅಂದವರೇ ಫೈಲಿಗೆ ಕೈ ಚಾಚುತ್ತಾರೆ. ಅರ್ಥವಾಗುತ್ತದೆಯೋ ಬಿಡುತ್ತದೆಯೋ, ಪುಟ ಮಗುಚುತ್ತಾರೆ, ಫಿಲ್ಮನ್ನು ಕಿಟಕಿಗೆ ಹಿಡಿದು ತಲೆ ವಾಲಿಸಿ ನೋಡುತ್ತಾರೆ, ಏನೂ ಇಲ್ಲ ಬಿಡಿ ಎಂದು ತೀರ್ಪು ಕೊಡುತ್ತಾರೆ. ನನ್ನ ಸೋದರಮಾವ ಒಮ್ಮೆ ಎದೆಯ ಎಕ್ಸ್‌ರೇಯನ್ನು ತಲೆಕೆಳಗಾಗಿ ಹಿಡಿದು ಧೈರ್ಯ ಹೇಳಿದ್ದರು. ನೋಡದಿದ್ದರೆ ಕಾಳಜಿ ಇಲ್ಲ ಎಂದಾಗುತ್ತದೆ. ಹುಡುಗನ ತಾಯಿಯೂ ಬಂದವರು ನೋಡದೆ ಇರುವುದಿಲ್ಲ.

ಆ ಭಾನುವಾರ ಊಟವಾದ ಮೇಲೆ ಅಮ್ಮ ಫೈಲನ್ನು ನನ್ನ ಮುಂದಿಟ್ಟು, "ನಿಂಗೆ ಕಾಗ್ದ ನೋಡಿ ಅಭ್ಯಾಸ, ಆ ಹೆಸರಿರೋದ್ನೆಲ್ಲ ತೆಗೆದ್ಬುಡು" ಎಂದಳು. ತಂಗಿ ಒಳಗೆ ಮಲಗಿದ್ದಳು. ನಾನು ಚಾಪೆಯ ಮೇಲೆ ಹಾಳೆಗಳನ್ನು ಹರಡಿಕೊಂಡೆ. ಎರಡು ವರ್ಷದ ಹಿಂದಿನ ಆ ಹೊರಗಿನ ಸ್ಕ್ಯಾನಿನ ವರದಿಯಲ್ಲಿ ಗರ್ಭಕೋಶ, ಅಂಡಾಶಯ ಎಂದೆಲ್ಲ ಬರೆದಿತ್ತು. ಡಾಕ್ಟರಿಗೆ ಎಂಆರ್‌ಐ ಕಂಪ್ಯೂಟರಿನಲ್ಲೇ ಇದೆ, ಕಲ್ಲು ಹುಡುಕಿ ಸಿಗದ ಹಳೆಯ ಸ್ಕ್ಯಾನು ಯಾತಕ್ಕೆ ಎಂದು ನಾನೇ ತೀರ್ಮಾನ ಮಾಡಿದೆ. ನಾಲ್ಕು ಹಾಳೆ, ಒಂದು ಫಿಲ್ಮು. ಮನೆಯಲ್ಲಿಟ್ಟರೆ ಬಂದುಹೋಗುವವರ ಕಣ್ಣಿಗೆ ಬಿದ್ದೀತೆಂದು ನಾನು ಕಾರ್ಖಾನೆಗೆ ಒಯ್ಯುವ ಊಟದ ಚೀಲದ ತಳದಲ್ಲಿ ಇಟ್ಟೆ. ಹಾಳೆಗಳ ಎದುರುಬದಿಯನ್ನು ಓದಿದೆ. ಹಿಂಬದಿ ತಿರುಗಿಸಲಿಲ್ಲ.

ಸೋಮವಾರ ಅಡ್ಮಿಟ್ ಆದೆವು. ಆಸ್ಪತ್ರೆಗೂ ಊಟ, ಲೋಟ ತುಂಬಿಕೊಂಡು ಹೋದದ್ದು ಅದೇ ಚೀಲದಲ್ಲಿ. ಚಿಕ್ಕ ಡಾಕ್ಟರೊಬ್ಬರು ಬಂದು ಪ್ರಶ್ನೆಗಳ ಪಟ್ಟಿ ಹಿಡಿದು ತಂಗಿಯ ಪಕ್ಕ ನಿಂತರು. ಬಿಪಿ, ಶುಗರ್, ಹಿಂದೆ ಆಪರೇಷನ್. ಆಮೇಲೆ, ಯಾವುದಕ್ಕಾದರೂ ಅಲರ್ಜಿ ಇದೆಯೇ ಎಂದು ಕೇಳಿದರು. ತಂಗಿ ಬಾಯಿ ತೆರೆದಳು. ಅದೇ ಗಳಿಗೆಗೆ ಬಾಗಿಲಲ್ಲಿ ಹುಡುಗನ ತಾಯಿ ಬಂದು ನಿಂತರು, ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಹಣ್ಣಿನ ಕವರು. ತಂಗಿ ಅವರನ್ನು ನೋಡಿ, ನನ್ನನ್ನು ನೋಡಿ, "ಎಲ್ಲಾ ಫೈಲಲ್ಲಿದೆ ಸರ್" ಎಂದಳು. ಡಾಕ್ಟರು ನಿಂತಲ್ಲೇ ಹಾಳೆ ಮಗುಚಿದರು. ಏನೂ ಸಿಗಲಿಲ್ಲ. ಇಲ್ಲ ಎಂಬಲ್ಲಿ ಗುರುತು ಹಾಕಿಕೊಂಡು ಹೋದರು. ನಾನು ಮೂರು ಅಡಿ ದೂರದಲ್ಲಿ ನಿಂತು ಹಣ್ಣಿನ ಕವರು ಇಸಿದುಕೊಳ್ಳುತ್ತಿದ್ದೆ.

ಮರುದಿನ ಬೆಳಗ್ಗೆ ಅವಳನ್ನು ಹಸಿರು ಗೌನಿನಲ್ಲಿ ಸ್ಟ್ರೆಚರಿನ ಮೇಲೆ ಹೊರಡಿಸಿದರು. ಲಿಫ್ಟಿನ ಹತ್ತಿರ ನನ್ನ ಕೈ ಹಿಡಿದು, "ಅಕ್ಕ, ಫೈಲ್ ಪೂರ್ತಿ ಕೊಟ್ಟಿದೀಯ ತಾನೆ?" ಎಂದು ಕೇಳಿದಳು. ಕೊಟ್ಟಿದೀನಿ ಕಣೇ ಎಂದೆ. ಅವಳು ಯಾಕೆ ಕೇಳಿದಳು ಎಂದು ನಾನು ಕೇಳಲಿಲ್ಲ. ಬಾಗಿಲು ಮುಚ್ಚಿತು.

ಥಿಯೇಟರಿನ ಹೊರಗೆ ಉಕ್ಕಿನ ಕುರ್ಚಿಗಳ ಸಾಲಿನಲ್ಲಿ ಅಮ್ಮ, ನಾನು, ಹುಡುಗನ ತಾಯಿ. ಅವರ ತಮ್ಮನಿಗೂ ಅಪೆಂಡಿಕ್ಸ್ ಆಗಿತ್ತಂತೆ, ಅರ್ಧ ಗಂಟೆಯ ಕೆಲಸವಂತೆ, ಮೂರನೇ ದಿನಕ್ಕೆ ಮುದ್ದೆ ಉಂಡನಂತೆ. ಅಮ್ಮ ಹೂಂಗುಟ್ಟುತ್ತಿದ್ದಳು. ಒಂದು ಗಂಟೆಯಾಯಿತು, ಎರಡಾಯಿತು. ಅಪೆಂಡಿಕ್ಸಿನ ಮಾತು ತಾನಾಗಿ ನಿಂತಿತು. ಹುಡುಗನ ತಾಯಿ ನನ್ನ ತೊಡೆಯ ಮೇಲಿದ್ದ ಫೈಲನ್ನು ಎತ್ತಿಕೊಂಡು ಮೆಲ್ಲಗೆ ಮಗುಚಿದರು. "ಇಷ್ಟೆಯಾ?" ಎಂದಷ್ಟೇ ಕೇಳಿ ವಾಪಸು ಇಟ್ಟರು. ಬಾಗಿಲು ತೆರೆದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ, ಬೇರೆ ಯಾರದೋ ಹೆಸರು ಕೂಗುತ್ತಿದ್ದರು.

ಮೂರನೆಯ ಗಂಟೆಯಲ್ಲಿ ನಮ್ಮದನ್ನು ಕೂಗಿದರು. ಅಕ್ಕ ಯಾರು, ಒಳಗೆ ಬರಬೇಕಂತೆ ಎಂದರು. ನಾನು ಚೀಲ ಅಲ್ಲೇ ಬಿಟ್ಟು ಹೋದೆ. ಗೌನು ತೊಡಿಸಿ, ಚಪ್ಪಲಿ ಬದಲಿಸಿ, ಬಾಗಿಲ ಒಳಗಡೆ ನೆಲಕ್ಕೆ ಎಳೆದಿದ್ದ ಒಂದು ಕೆಂಪು ಗೆರೆಯ ಈಚೆ ನಿಲ್ಲಿಸಿದರು. ತಂಗಿ ಕಾಣಲಿಲ್ಲ. ಬಟ್ಟೆಯ ಒಂದು ದಿಬ್ಬ ಕಾಣುತ್ತಿತ್ತು, ಸುತ್ತ ನಾಲ್ಕೈದು ಜನರ ಬೆನ್ನು, ಮೇಲೆ ಪರದೆ. ದೀಪ ತಗ್ಗಿಸಿದ್ದರು. ಕತ್ತಲೆ ಕೋಣೆ, ಹೊಳೆಯುವ ಪರದೆ, ಯಂತ್ರಗಳ ಗುಂಯ್ ಶಬ್ದ ಎಲ್ಲ ನನಗೆ ತೀರಾ ಪರಿಚಿತವಾಗಿತ್ತು. ಅದರಿಂದಲೇ ಹೆದರಿಕೆಯಾಯಿತು.

ಡಾಕ್ಟರು ತಿರುಗದೆ ಮಾತಾಡಿದರು. ಬಲಗಡೆಯ ನಾಳ ನೋಡಿ ಎಂದರು. ಬೂದು ಬಣ್ಣದ ಮಾಂಸದ ನಡುವೆ ಒಂದು ಹಸಿರು ಗೆರೆ ಹೊಳೆಯುತ್ತಿತ್ತು, ಮಿಸುಕುತ್ತಲೂ ಇತ್ತು. ಹದಿನಾಲ್ಕು ವರ್ಷ ನಾನು ನೋಡಿದ್ದ ಹಸಿರು ಗೆರೆಗಳು ಯಾವುವೂ ಮಿಸುಕಿರಲಿಲ್ಲ. ಕ್ಯಾಮೆರಾ ಎಡಕ್ಕೆ ಹೋಯಿತು. ಅಲ್ಲಿ ಹಸಿರು ಸ್ವಲ್ಪ ದೂರ ಬಂದು, ಮಂಕಾಗಿ, ಒಂದು ಗಂಟಿನೊಳಗೆ ಹೊಕ್ಕು ಕಾಣದಾಗುತ್ತಿತ್ತು. ಗಂಟಿನ ಆಚೆ ಮತ್ತೆ ತುಸು ತೋರುತ್ತಿತ್ತು. ನಾಳವನ್ನು ಬಿಡಿಸಬಲ್ಲೆ, ಅದು ಎಲ್ಲಿದೆ ಎಂದು ಈಗ ಗೊತ್ತಿದೆ, ಕಿಡ್ನಿ ಉಳಿಯುತ್ತದೆ ಎಂದರು. ಆದರೆ ಕರುಳಿನ ಒಂದು ತುಂಡು ತೆಗೆದು ಜೋಡಿಸಬೇಕಾಗಬಹುದು, ಮನೆಯವರ ಒಪ್ಪಿಗೆ ಬೇಕು, ಅದಕ್ಕೆ ಕರೆಸಿದೆ. ಈಗ ಬಣ್ಣವನ್ನು ರಕ್ತಕ್ಕೆ ಕೊಟ್ಟು ಕರುಳು ಎಲ್ಲಿಯವರೆಗೆ ಜೀವಂತ ಇದೆ ನೋಡುತ್ತೇನೆ ಎಂದರು.

ಎಷ್ಟು ಹೊತ್ತು ಬಿಡಬೇಕು ಎಂದು ನಾನು ಕೇಳಿದೆ. ಅಭ್ಯಾಸಬಲದಿಂದ ಬಂದ ಮಾತು. ಒಂದು ನಿಮಿಷವೂ ಬೇಡ, ರಕ್ತಕ್ಕೆ ಸೇರಿದರೆ ಮೈಯೆಲ್ಲ ಓಡುತ್ತದೆ ಎಂದರು. ತಲೆಯ ಕಡೆ ಕೂತಿದ್ದ ಅರಿವಳಿಕೆ ಡಾಕ್ಟರು ಸಿರಿಂಜನ್ನು ಕೈಗೆ ತೆಗೆದುಕೊಂಡು, ಅಲರ್ಜಿ ಏನೂ ಇಲ್ಲವಲ್ಲ ಎಂದು ಕೇಳಿದರು. ಹಿಂದಿನ ದಿನದ ಚಿಕ್ಕ ಡಾಕ್ಟರು, "ಫೈಲ್‌ನಲ್ಲಿ ಏನೂ ಇಲ್ಲ ಸರ್" ಎಂದರು.

ಸಿರಿಂಜಿನಲ್ಲಿದ್ದ ಬಣ್ಣ ಕಡು ಹಸಿರು, ಹೆಚ್ಚುಕಡಿಮೆ ಕಪ್ಪು. ನಾನು ಅದನ್ನೇ ನೋಡುತ್ತಿದ್ದೆ. ಬಣ್ಣದ ಇಂಜೆಕ್ಷನ್. ಸ್ವಲ್ಪ ಕಡಿತ. ಎರಡೂವರೆ ಗಂಟೆ. ಕಡಿತ ಬಂದವಳನ್ನು ಯಾರು ಎರಡೂವರೆ ಗಂಟೆ ಮಲಗಿಸುತ್ತಾರೆ? ಲಿಫ್ಟಿನ ಹತ್ತಿರ ಅವಳು ಕೇಳಿದ ಪ್ರಶ್ನೆ ಆಗ ನನ್ನ ಕಿವಿಗೆ ಬಿತ್ತು, ಮೂರು ಗಂಟೆ ತಡವಾಗಿ. ಇಷ್ಟಾದರೂ ಬಾಯಿ ತೆರೆಯಲು ನಾನು ತಡಮಾಡಿದೆ. ಅದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ. ಹೇಳಿದರೆ ಹಾಳೆ ತರಬೇಕು, ಹಾಳೆ ಹೊರಗಿದೆ, ಹೊರಗೆ ಹುಡುಗನ ತಾಯಿ ಕೂತಿದ್ದಾರೆ ಎಂದು ನನ್ನ ತಲೆ ಲೆಕ್ಕ ಹಾಕಿತು. ಒಂದು ಉಸಿರಿನಷ್ಟು ಹೊತ್ತು. ಸೂಜಿ ಕೊಳವೆಯ ಹತ್ತಿರ ಹೋಗಿತ್ತು.

"ಫೈಲ್ ಪೂರ್ತಿ ಇಲ್ಲ," ಎಂದೆ. ನನ್ನ ಜೋರು ಬಾಯಿಂದ ಬಂದದ್ದು ಪಿಸುಮಾತು. ಯಾರಿಗೂ ಕೇಳಿಸಲಿಲ್ಲವೆಂದು ಗೆರೆ ದಾಟಿ ಮುಂದೆ ಹೋದೆ. ಒಬ್ಬ ನರ್ಸು ನನ್ನ ತೋಳು ಹಿಡಿದರು. "ಕೊಡಬೇಡಿ. ಫೈಲಿಂದ ನಾನು ಹಾಳೆ ತೆಗೆದಿದೀನಿ. ಅವಳಿಗೆ ಸ್ಕ್ಯಾನ್ ಬಣ್ಣದಿಂದ ಏನೋ ಆಗಿತ್ತು."

ಸೂಜಿ ಹಿಂದಕ್ಕೆ ಬಂತು. ಡಾಕ್ಟರು ಮೊದಲ ಸಲ ತಿರುಗಿ ನನ್ನನ್ನು ನೋಡಿದರು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಎಲ್ಲಿದೆ ಎಂದು ಕೇಳಿದರು. ಹೊರಗೆ, ನನ್ನ ಊಟದ ಚೀಲದಲ್ಲಿ ಎಂದೆ.

ಗೌನಿನಲ್ಲೇ ಓಡಿದೆ. ಬಾಗಿಲು ತೆರೆದರೆ ಹುಡುಗನ ತಾಯಿ ಎದುರಿಗೇ ನಿಂತಿದ್ದರು. ಒಳಗೆ ಬಿಡಿ ಎಂದು ಬಾಗಿಲು ಕಾಯುವವನ ಜೊತೆ ವಾದ ಮಾಡುತ್ತಿದ್ದರು. ಅವರ ಕೈಯಲ್ಲಿ ಆ ನಾಲ್ಕು ಹಾಳೆ ಇದ್ದವು. ಅಮ್ಮನಿಗೆ ಕಾಫಿ ಬಗ್ಗಿಸಿ ಕೊಡಲು ಲೋಟ ಬೇಕಾಗಿ ಚೀಲಕ್ಕೆ ಕೈ ಹಾಕಿದ್ದಾರೆ, ಹಾಳೆ ಸಿಕ್ಕಿವೆ, ಸಿಕ್ಕಿದ ಮೇಲೆ ಎಲ್ಲರಂತೆ ಓದಿದ್ದಾರೆ. ಎದುರುಬದಿ ಇಂಗ್ಲಿಷು, ಅರ್ಥವಾಗಿಲ್ಲ. ಹಾಗಾಗಿ ಹಿಂಬದಿ ತಿರುಗಿಸಿದ್ದಾರೆ. ಮೂರನೆಯ ಹಾಳೆಯ ಬೆನ್ನಿಗೆ, ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ, ಸ್ಕ್ಯಾನಿನವರು ಕೆಂಪು ಇಂಕಿನಲ್ಲಿ ಬರೆದಿದ್ದರು: ಬಣ್ಣ ಕೊಟ್ಟ ಕೂಡಲೇ ತುಟಿ, ನಾಲಿಗೆ ಊದಿಕೊಂಡು ಉಸಿರು ಕಟ್ಟಿತ್ತು, ಮುಂದೆ ಯಾವ ಬಣ್ಣ ಕೊಡುವ ಮೊದಲೂ ಡಾಕ್ಟರಿಗೆ ಇದನ್ನು ತೋರಿಸತಕ್ಕದ್ದು.

"ಇದ ಒಳಕ್ಕೆ ಕೊಡಬೇಕಲ್ವಾ ಕಣವ್ವ," ಎಂದರು. ನಾನು ಕಸಿದುಕೊಂಡು ಒಳಗೆ ಓಡಿದೆ.

ಆ ಬಣ್ಣವನ್ನು ರಕ್ತಕ್ಕೆ ಕೊಡಲಿಲ್ಲ. ನಾಳಕ್ಕೆ ಆಗಲೇ ಹಾಕಿದ್ದರಿಂದ ಏನಾದರೂ ಆಗುತ್ತದೆಯೇ ಎಂದು ಅರಿವಳಿಕೆ ಡಾಕ್ಟರು ಕೊನೆಯವರೆಗೂ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲವಂತೆ. ಏನೂ ಆಗಲಿಲ್ಲ. ಎಡ ನಾಳವನ್ನು ಬಿಡಿಸಿದರು, ಕಿಡ್ನಿ ಉಳಿಯಿತು. ಕರುಳಿನ ಗಂಟನ್ನು ಮಾತ್ರ ಹಾಗೇ ಬಿಟ್ಟು ಹೊಟ್ಟೆ ಮುಚ್ಚಿದರು. ರಕ್ತ ಎಲ್ಲಿಯವರೆಗೆ ಓಡುತ್ತಿದೆ ಎಂದು ನೋಡದೆ ಕತ್ತರಿಸಿ ಜೋಡಿಸಿದರೆ, ಜೋಡಿಸಿದ್ದು ನಾಲ್ಕು ದಿನದ ಮೇಲೆ ಬಿಟ್ಟುಕೊಳ್ಳಬಹುದು, ಅದು ಇನ್ನೂ ಕೆಟ್ಟದ್ದು ಎಂದರು. ಇನ್ನೊಂದು ಸಲ, ಬೇರೆ ತಯಾರಿ ಮಾಡಿಕೊಂಡು ಮಾಡೋಣ ಎಂದರು. ಆ ಸೂಜಿ ಹೋಗಿದ್ದರೆ ಅವಳು ಸಾಯುತ್ತಿದ್ದಳೇ ಎಂದು ನಾನು ಕೇಳಿದೆ. ಅವರು ಸುಳ್ಳು ಧೈರ್ಯವನ್ನೂ ಹೇಳಲಿಲ್ಲ, ಹೆದರಿಸಲೂ ಇಲ್ಲ. ಆ ಬಣ್ಣ ಬೇರೆ, ಈ ಬಣ್ಣ ಬೇರೆ, ಏನೂ ಆಗದೆಯೂ ಇರಬಹುದಿತ್ತು, ಆದರೆ ಅಂಥ ಹಾಳೆಯೊಂದು ಕಣ್ಣ ಮುಂದಿದ್ದರೆ ನಾನು ಯಾವತ್ತೂ ಕೊಡುತ್ತಿರಲಿಲ್ಲ ಎಂದರು. ಅಷ್ಟು ಹೇಳಿ ಹೊರಟುಹೋದರು. ಬೈದಿದ್ದರೆ ವಾಸಿಯಿತ್ತು.

ಹೊರಗೆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನಾನು ಹುಡುಗನ ತಾಯಿಯ ಮುಂದೆ ನಿಂತು, ಅಪೆಂಡಿಕ್ಸ್ ಅಲ್ಲ ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ನಂಗೆ ಮೊದ್ಲೇ ಗೊತ್ತು ಕಣಮ್ಮ. ನಿನ್ ತಂಗಿ ಡಾಕ್ಟ್ರು ಕಾಯ್ಲೆ ಹೆಸ್ರು ಹೇಳಿದ್ ದಿನಾನೇ ನನ್ ಮಗಂಗೆ ಎಲ್ಲಾವ ಹೇಳವ್ಳೆ. ಅವ್ನು ನಂಗೆ ಹೇಳ್ದ. ನೀವಾಗ್ ನೀವೇ ಹೇಳ್ತೀರ ಅಂತ ಸುಮ್ಕಿದ್ದೆ." ಆಮೇಲೆ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಾ, ನನ್ನ ಕಡೆ ನೋಡದೆ, "ನನ್ನಿಂದ ಮುಚ್ಚಿಡಕೋಗಿ ಮಗೀನ ಕೊಂದ್ಬುಡ್ತಿದ್ರಲ್ಲ," ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದು ಅತ್ತೆ. ನನ್ನ ಮದುವೆ ಮುರಿದಾಗಲೂ ಹಾಗೆ ಅತ್ತಿರಲಿಲ್ಲ. ಹಸಿರು ಗೌನು ಇನ್ನೂ ಮೈಮೇಲಿತ್ತು.

ತಂಗಿಗೆ ನಾನೇ ಹೇಳಿದೆ, ಮೂರನೆಯ ದಿನ, ಅವಳು ಎದ್ದು ಕೂತು ಗಂಜಿ ಕುಡಿದ ಮೇಲೆ. ಅವಳು ಗಂಜಿಯ ಲೋಟವನ್ನು ಪಕ್ಕಕ್ಕಿಟ್ಟಳು. ಉಸಿರು ಕಟ್ಟಿದ್ದನ್ನು ನನಗೇಕೆ ಹೇಳಲಿಲ್ಲ ಎಂದು ನಾನೇ ಜೋರು ಮಾಡಿದೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ. "ಹೇಳಿದ್ರೆ ನೀನು ಹೆದರ್ತಿದ್ದೆ ಅಕ್ಕ. ಫೈಲಲ್ಲಿದೆಯಲ್ಲ ಅಂತ ಇದ್ದೆ," ಎಂದಳು. ನನ್ನ ಕೈಗೆ ಸಿಕ್ಕಿದ ಕಾಗದ ಭದ್ರ ಎಂದು ಅವಳು ನಂಬಿದ್ದಳು. ನಾನು ಕಾರ್ಖಾನೆಯ ಕಾರ್ಡಿನ ಕಥೆಯನ್ನು ಅವಳಿಗೆ ಎಷ್ಟು ಸಲ ಹೇಳಿ ತಲೆ ತಿಂದಿದ್ದೆನೋ.

ಮದುವೆ ನಡೆಯಿತು. ಅವಳು ಹೂಟಗಳ್ಳಿಗೆ ಹೋದಳು, ಅಲ್ಲಿಂದಲೇ ರಿಂಗ್ ರೋಡಿನಲ್ಲಿ ಮಂಡಕಳ್ಳಿಗೆ ಕೆಲಸಕ್ಕೆ ಹೋಗುತ್ತಾಳೆ. ಬೆನ್ನುನೋವು ಹೋಯಿತು, ಹೊಟ್ಟೆಯದು ಉಳಿಯಿತು. ಉಳಿದ ಗಂಟು ಬೆಳೆಯುತ್ತಿದೆ ಎಂದು ಮೊನ್ನೆಯ ಸ್ಕ್ಯಾನಿನಲ್ಲಿ ಬಂದಿದೆ. ಫೋನಿನಲ್ಲಿ ನೋವು ಎಷ್ಟಿದೆ ಎಂದು ಕೇಳಿದರೆ ಸ್ವಲ್ಪ ಎನ್ನುತ್ತಾಳೆ. ಆ ಮಾತಿನ ಹಿಂದೆ ಏನಿದೆ ಎಂದು ತಿಳಿಯುವ ದೀಪ ನನ್ನಲ್ಲಿಲ್ಲ.

ಎರಡನೆಯ ಆಪರೇಷನ್ ಮುಂದಿನ ಗುರುವಾರ. ನಾನು ನಾಲ್ಕು ದಿನ ರಜೆ ಬರೆದು, ಬಟ್ಟೆ ಮಡಿಸಿ ಚೀಲಕ್ಕೆ ಹಾಕಿಟ್ಟುಕೊಂಡು, ಎಷ್ಟು ಹೊತ್ತಿಗೆ ಬರಲಿ ಎಂದು ನಿನ್ನೆ ಸಂಜೆ ಫೋನು ಮಾಡಿದೆ.

"ನೀನು ಡ್ಯೂಟಿಗೆ ಹೋಗು ಅಕ್ಕ," ಎಂದಳು. "ಅತ್ತೆ ಇರ್ತಾರೆ. ಫೈಲ್ ಅವರ ಹತ್ರ ಇದೆ."

ಸರಿ ಕಣೇ ಎಂದೆ. ಇವತ್ತು ಬೆಳಗ್ಗೆ ಹೋಗಿ ರಜೆ ಚೀಟಿ ವಾಪಸು ತೆಗೆದುಕೊಂಡೆ. ಗುರುವಾರ ಅವಳಿಗೆ ಅರಿವಳಿಕೆ ಕೊಡುವ ಹೊತ್ತಿಗೆ ನಾನು ಕತ್ತಲೆ ಕೋಣೆಯಲ್ಲಿ ಕೂತಿರುತ್ತೇನೆ, ಒಂದೊಂದೇ ಕಾರ್ಡನ್ನು ತಿರುಗಿಸಿ ಹಿಂಬದಿ ಓದುತ್ತಾ.